ಯುನ್ನಮ್ಮ

ವಿಮಾನ ಇಳಿದವಳು ಬೆಂಗಳೂರು ನೋಡಲೇ ಇಲ್ಲ.
ದೇವನಹಳ್ಳಿಯಿಂದ ವಿಜಯಪುರದ ಮೇಲೆ
ನೆಟ್ಟಗೆ ಶಿಡ್ಲಘಟ್ಟಕ್ಕೆ,
ಫಯಾಜ್ ಸಾಬರ ಟೆಂಪೋದಲ್ಲಿ
ಗೂಡಿನ ಚೀಲಕ್ಕೆ ಒರಗಿ ನಿದ್ದೆ ಮಾಡುತ್ತ.

ನಮ್ಮ ನೂಲು ಮಿಷನ್ನು ಚೀನಾದ್ದು. ಬಂದು ಎಂಟು ತಿಂಗಳು,
ಅದರಲ್ಲಿ ನಾಲ್ಕು ತಿಂಗಳು
ಬಾಣಂತಿಯ ಹಾಗೆ ಮುಸುಕು ಹೊದ್ದು ಮಲಗಿತ್ತು.
ರಿಪೇರಿಗೆ ಒಬ್ಬ ಬರುತ್ತಾನೆ ಅಂದಿದ್ದರು.
ಬಂದವಳು ಇವಳು, ಲೂ ಯುನ್,
ನನ್ನ ಭುಜದಷ್ಟು ಎತ್ತರ, ಕೈಯಲ್ಲಿ ಸ್ಪ್ಯಾನರ್ ಪೆಟ್ಟಿಗೆ.
ಮೂರನೇ ಬೇಸಿನ್ನಿನ ಪರ್ವೀನ್
ನಿಂತ ನಿಲುವಿನಲ್ಲೇ ಹೆಸರು ತಿದ್ದಿದಳು:
ಯುನ್ನಮ್ಮ.

ಬೆಂದ ಹುಳದ ವಾಸನೆಗೆ ಎಲ್ಲರೂ ಮೂಗು ಮುಚ್ಚುತ್ತಾರೆ.
ಹೆಣ್ಣು ನೋಡಲು ಬಂದವರು
ಕಾಫಿ ಮುಟ್ಟದೆ ಎದ್ದು ಹೋಗಿದ್ದುಂಟು.
ಇವಳು ಬಾಗಿಲಲ್ಲೇ ನಿಂತು
ಎದೆ ತುಂಬ ಎಳೆದುಕೊಂಡಳು.
ಫೋನಿಗೆ ಏನೋ ಹೇಳಿದಳು, ಫೋನು ಕನ್ನಡದಲ್ಲಿ ಅಂದಿತು:
"ನನ್ನ ಅಜ್ಜಿ ಇವುಗಳನ್ನು ಮೆಣಸಿನೊಂದಿಗೆ ಸಂಭವಿಸುತ್ತಿದ್ದಳು."
ಪರ್ವೀನ್ ಬಿದ್ದು ಬಿದ್ದು ನಕ್ಕಳು.
ಹುರಿಯುತ್ತಿದ್ದಳು ಅಂತ ತಿಳಿಯಲು ಊಟದ ಹೊತ್ತಾಯಿತು,
ಇಲ್ಲದ ಬಾಣಲೆಯನ್ನು ಅವಳು ಅಲ್ಲಾಡಿಸಿ ತೋರಿಸಿದ ಮೇಲೆ.
ನಾವು ಅದನ್ನು ಮೀನಿನ ಮೇವಿಗೆ ಮಾರುತ್ತೇವೆ, ಕಿಲೋ ಲೆಕ್ಕ.

ಮಾರನೆಯ ದಿನ ಕರೆಂಟು ಹೋಯಿತು.
ಊರು ತೋರಿಸು ಅಂದರು ಸಾಬರು.
ಏನಿದೆ ತೋರಿಸಲು?
ಹರಾಜು ಮುಗಿದ ಗೂಡು ಮಾರುಕಟ್ಟೆ,
ಖಾಲಿ ತಟ್ಟೆಗಳ ನಡುವೆ ಒಂದು ನಾಯಿ,
ತಕ್ಕಡಿಯ ಪಕ್ಕ ಟವೆಲ್ ಹಾಸಿ ಮಲಗಿದ ಹಮಾಲಿ.
ಕೆರೆ ಏರಿಯ ಮೇಲೆ ನಿಂತೆವು.
ಮೇಲೆ ಹತ್ತು ನಿಮಿಷಕ್ಕೊಂದು ವಿಮಾನ, ಹೊಟ್ಟೆ ಕಾಣುವಷ್ಟು ಕೆಳಗೆ;
ಕೆಳಗೆ ಬಟ್ಟೆ ಒಗೆಯುವ ಒಂದೇ ಒಂದು ಸದ್ದು.
"ನಿಮ್ಮ ಊರು ಯಾಕೆ ಮುಗಿದಿದೆ?" ಕೇಳಿತು ಫೋನು.
ಬೆಳಗ್ಗೆ ಬರಬೇಕಿತ್ತು ತಾಯಿ,
ಮಾರುಕಟ್ಟೆಯಲ್ಲಿ ಕಿವಿ ಹರಿದು ಹೋಗುತ್ತೆ, ಅಂದೆ.
ಅದು ಏನು ಹೇಳಿತೋ,
ನನ್ನ ಕೂದಲು ಸರಿಸಿ ಕಿವಿ ನೋಡಿದಳು,
ಎಷ್ಟು ಮೆತ್ತಗೆ.

ಅವಳೂರೂ ಹೀಗೆಯಂತೆ,
ದೊಡ್ಡ ಊರಿನ ಕಂಕುಳಲ್ಲಿ.
ಕಾಲುವೆ, ಕಲ್ಲಿನ ಸೇತುವೆ, ಹಿಪ್ಪುನೇರಳೆ ಕಡ್ಡಿ ಕಡಿದ ಹೊಲ.
ಭಾನುವಾರ ಪಟ್ಟಣದವರು ಬರುತ್ತಾರೆ,
ದೋಣಿಗೆ ಟಿಕೆಟ್ ಕೊಂಡು
ಸದ್ದಿಲ್ಲದ್ದನ್ನು ಫೋಟೋ ಹೊಡೆದು ಹೋಗುತ್ತಾರೆ.
ಅಮ್ಮ ನೂಲು ತೆಗೆಯುತ್ತಿದ್ದ ಮನೆಯಲ್ಲಿ ಈಗ ಚಹಾದಂಗಡಿ,
ಅಮ್ಮನ ರಾಟೆ ಗಾಜಿನ ಪೆಟ್ಟಿಗೆಯೊಳಗೆ.
ನಮ್ಮಲ್ಲಿ ಬೆಂಗಳೂರಿನವರು ನಂದಿಯಿಂದಲೇ ವಾಪಸ್ಸು.
ಈ ಮೌನಕ್ಕೆ ಇನ್ನೂ ಯಾರೂ ರೇಟು ಕೂಗಿಲ್ಲ.

ಸಂಜೆ ನಮ್ಮ ಜಗಲಿ. ಅವರೆಕಾಯಿಯ ಕಾಲ,
ನೆನೆದ ಕಾಳು ಹಿತಕುತ್ತಿದ್ದೆವು.
ಅವಳ ಮೊದಲ ಕಾಳು ಹಾರಿ ಪರ್ವೀನಳ ಮಡಿಲಿಗೆ,
ಎರಡನೆಯದು ಚರಂಡಿಗೆ.
ಹತ್ತನೆಯದಕ್ಕೆ ನಮ್ಮನ್ನು ಮೀರಿದ್ದಳು.
ಸಿಪ್ಪೆ ಬಿಟ್ಟು ಜಾರುವ ಬೇಳೆ,
ಗೂಡು ಬಿಚ್ಚಿದ ಮೇಲೆ ಉಳಿಯುವ ಹುಳದ ಹಾಗೆಯೇ.
ಆಗ ಕಂಡವು ಅವಳ ಬೆರಳ ತುದಿ,
ಬಿಸಿನೀರಲ್ಲಿ ಬೆಂದು ಬೆಳ್ಳಗಾದವು, ಗೆರೆ ಅಳಿಸಿದವು.
ಪಕ್ಕದಲ್ಲಿ ನನ್ನವು ಇಟ್ಟೆ.
ರೇಷನ್ ಅಂಗಡಿಯ ಮಿಷನ್ನು ನನ್ನನ್ನು ನಾನಲ್ಲ ಅನ್ನುತ್ತೆ,
ಮೂರು ಸಲ ಒತ್ತಿದರೂ.
ಇವಳಿಗೆ ಗೊತ್ತಿತ್ತು. ಫೋನು ಬೇಕಾಗಲಿಲ್ಲ.

ಮಿಷನ್ನು ಎದ್ದಿತು. ಹೊರಟಾಗ ಏನೋ ಅಂದಳು,
ಫೋನಿನಲ್ಲಿ ಚಾರ್ಜು ಇರಲಿಲ್ಲ.
ಹೂಂ, ಹೋಗಿ ಬಾ, ಅಂದೆ.

ನಿನ್ನೆ ನಾಲ್ಕನೇ ಬೇಸಿನ್ನು ಮತ್ತೆ ನಿಂತಿದೆ.
ಎಲ್ಲಿ ಸಿಕ್ಕಿಕೊಂಡಿದೆ ಅಂತ ನನಗೆ ಗೊತ್ತು,
ಅವಳು ಬಿಚ್ಚುವಾಗ ಪಕ್ಕದಲ್ಲೇ ದೀಪ ಹಿಡಿದವಳು ನಾನು.
ಎರಡು ಸುತ್ತು ತಿರುಪು ಬಿಗಿದರೆ ಸಾಕು.
ಸಾಬರು ತಲೆ ಕೆರೆದುಕೊಂಡು
ಚೀನಾಕ್ಕೆ ಫೋನು ಮಾಡಲೋ ಅನ್ನುತ್ತಿದ್ದಾರೆ.

ನಾನು ನೀರಿಗೆ ಕೈ ಹಾಕಿ
ಎಳೆ ಹುಡುಕುತ್ತಿರುವ ಹಾಗೆ ಕೂತಿದ್ದೇನೆ.